ಬಾಯ್ಕಾಟ್ ಎಂದರೇನು? ಒಬ್ಬ ವ್ಯಕ್ತಿಯ ಹೆಸರು ಪ್ರತಿಭಟನೆಯ ಪದವಾಗಿದ್ದು ಹೇಗೆ? ಅರ್ಥ, ಬಳಕೆ, ಇತಿಹಾಸ ಇಲ್ಲಿದೆ

ಹೊಸ ಸಿನಿಮಾ ತೆರೆಗೆ ಬರಲು ಎರಡು ದಿನ ಇರುವಾಗ ಸೋಷಿಯಲ್ ಮೀಡಿಯಾದಲ್ಲಿ ‘ಬಾಯ್ಕಾಟ್’ ಹ್ಯಾಶ್‌ಟ್ಯಾಗ್ ಟ್ರೆಂಡ್ ಆಗುತ್ತದೆ. ಗಡಿಯಲ್ಲಿ ಗಲಾಟೆಯಾದರೆ ಆ ದೇಶದ ವಸ್ತುಗಳನ್ನು ಬಾಯ್ಕಾಟ್ ಮಾಡಿ ಎಂಬ ಕರೆ ಕೇಳಿಬರುತ್ತದೆ. ರಸ್ತೆ ಮಾಡಿಕೊಟ್ಟಿಲ್ಲ ಎಂದು ಊರಿನವರು ಮತದಾನ ಬಹಿಷ್ಕರಿಸುತ್ತಾರೆ. ಅದೇ ದಿನದ ಇನ್ನೊಂದು ಸುದ್ದಿಯಲ್ಲಿ, ದೇವಸ್ಥಾನದೊಳಗೆ ಹೋದರೆಂದೋ, ಬೇರೆ ಜಾತಿಯವರನ್ನು ಮದುವೆಯಾದರೆಂದೋ ಒಂದು ಕುಟುಂಬಕ್ಕೆ ಊರೇ ‘ಬಹಿಷ್ಕಾರ’ ಹಾಕಿರುತ್ತದೆ.

ಈ ಎಲ್ಲ ಸುದ್ದಿಗಳಿಗೂ ಕನ್ನಡದಲ್ಲಿ ಬಳಸುವುದು ಒಂದೇ ಪದ. ಆದರೆ ಸಿನಿಮಾ ನೋಡದಿರುವುದು ನೋಡುಗರ ಹಕ್ಕು, ಊರಿನಲ್ಲಿ ಒಂದು ಕುಟುಂಬಕ್ಕೆ ನೀರು, ದಿನಸಿ ಸಿಗದಂತೆ ಮಾಡುವುದು ಶಿಕ್ಷಾರ್ಹ ಅಪರಾಧ. ಹಾಗಾದರೆ ಬಾಯ್ಕಾಟ್ ಎಂಬ ಇಂಗ್ಲಿಷ್ ಪದ ಎಲ್ಲಿಂದ ಬಂತು? ಅದಕ್ಕೂ ನಮ್ಮ ಬಹಿಷ್ಕಾರಕ್ಕೂ ಏನು ವ್ಯತ್ಯಾಸ? ಇಲ್ಲಿದೆ ಮಾಹಿತಿ.

ಬಾಯ್ಕಾಟ್ ಪದದ ಅರ್ಥ

ಒಬ್ಬ ವ್ಯಕ್ತಿ, ಸಂಸ್ಥೆ, ವಸ್ತು ಅಥವಾ ದೇಶದ ಜತೆಗಿನ ವ್ಯವಹಾರವನ್ನು ಪ್ರತಿಭಟನೆಯ ರೂಪದಲ್ಲಿ ಹಲವರು ಸೇರಿ ನಿಲ್ಲಿಸುವುದೇ ಬಾಯ್ಕಾಟ್. ಇಲ್ಲಿ ಮೂರು ಅಂಶಗಳಿವೆ. ಒಂದು, ಅದು ಸಾಮೂಹಿಕ. ಎರಡು, ಅದಕ್ಕೊಂದು ಕಾರಣ ಅಥವಾ ಬೇಡಿಕೆ ಇರುತ್ತದೆ. ಮೂರು, ಹೊಡೆತ ಬಡಿತವಿಲ್ಲದೆ, ಕೇವಲ ಸಹಕಾರ ಹಿಂತೆಗೆದುಕೊಂಡು ಎದುರಿನವರ ಮೇಲೆ ಒತ್ತಡ ಹಾಕಲಾಗುತ್ತದೆ.

ರುಚಿ ಹಿಡಿಸಲಿಲ್ಲ ಎಂದು ಒಂದು ಹೋಟೆಲ್‌ಗೆ ಹೋಗುವುದನ್ನು ಬಿಟ್ಟರೆ ಅದು ಬಾಯ್ಕಾಟ್ ಅಲ್ಲ. ಅಲ್ಲಿನ ಕೆಲಸಗಾರರಿಗೆ ಸಂಬಳ ಕೊಟ್ಟಿಲ್ಲ ಎಂದು ಬಡಾವಣೆಯವರೆಲ್ಲ ಸೇರಿ ಹೋಗುವುದನ್ನು ನಿಲ್ಲಿಸಿದರೆ ಅದು ಬಾಯ್ಕಾಟ್.

ಇಂಗ್ಲಿಷ್‌ನಲ್ಲಿ ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಮೊದಲ ಭಾಗದಲ್ಲಿ ‘ಬಾಯ್’ ಎಂದು ಕೇಳಿಸಿದರೂ ಹುಡುಗ ಎಂಬ ಅರ್ಥಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಇದು ಒಂದು ಕುಟುಂಬದ ಹೆಸರು. ಇಂಗ್ಲೆಂಡ್‌ನ ಹಳೆಯ ಆರಂಭಿಕ ಬ್ಯಾಟರ್ ಜೆಫ್ರಿ ಬಾಯ್ಕಾಟ್ ಹೆಸರಿನಲ್ಲಿರುವುದೂ ಇದೇ ಕುಲನಾಮ.

ಯಾರು ಈ ಕ್ಯಾಪ್ಟನ್ ಬಾಯ್ಕಾಟ್?

ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಹುಟ್ಟಿದ್ದು 1832ರಲ್ಲಿ, ಇಂಗ್ಲೆಂಡ್‌ನ ನಾರ್ಫೋಕ್ ಪ್ರಾಂತ್ಯದಲ್ಲಿ. ಕೆಲಕಾಲ ಬ್ರಿಟಿಷ್ ಸೇನೆಯಲ್ಲಿದ್ದು, ನಂತರ ಐರ್ಲೆಂಡ್‌ನಲ್ಲಿ ನೆಲೆಸಿದ. 1870ರ ದಶಕದಲ್ಲಿ ಮೇಯೋ ಪ್ರಾಂತ್ಯದ ಲಾಕ್ ಮಾಸ್ಕ್ ಸರೋವರದ ಬಳಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್ ಆದ. ಸುಮಾರು 1,500 ಎಕರೆ ಜಮೀನಿನ ಗೇಣಿ ವಸೂಲಿ ಮಾಡುವುದು, ಗೇಣಿ ಕೊಡದವರನ್ನು ಒಕ್ಕಲೆಬ್ಬಿಸುವುದು ಆತನ ಕೆಲಸ. ಜತೆಗೆ ಆತನದ್ದೇ ಬೇಸಾಯವೂ ಇತ್ತು.

ಆಗ ಐರ್ಲೆಂಡ್ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ಉಳುವವರು ಐರಿಷ್ ಗೇಣಿದಾರರು, ಜಮೀನಿನ ಒಡೆಯರು ಬಹುಪಾಲು ಬೇರೆಲ್ಲೋ ಇರುವ ಶ್ರೀಮಂತರು. 1879ರಲ್ಲಿ ಬೆಳೆ ಕೈಕೊಟ್ಟಿತು. ಗೇಣಿ ಕಟ್ಟಲಾಗದವರನ್ನು ಹೊರಹಾಕುವುದು ಹೆಚ್ಚಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಬ್ಲಿನ್‌ನಲ್ಲಿ ‘ಐರಿಷ್ ನ್ಯಾಷನಲ್ ಲ್ಯಾಂಡ್ ಲೀಗ್’ ಹುಟ್ಟಿಕೊಂಡಿತು. ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಅದರ ಅಧ್ಯಕ್ಷ, ಮೈಕಲ್ ಡೇವಿಟ್ ಅದರ ಪ್ರಮುಖ ಸಂಘಟಕ.

1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಪಟ್ಟಣದಲ್ಲಿ ಪಾರ್ನೆಲ್ ಭಾಷಣ ಮಾಡಿದರು. ಒಕ್ಕಲೆಬ್ಬಿಸಿದ ರೈತನ ಜಮೀನನ್ನು ಇನ್ನೊಬ್ಬ ಗೇಣಿಗೆ ಹಿಡಿದರೆ ಅವನನ್ನು ಏನು ಮಾಡಬೇಕು ಎಂದು ಜನರನ್ನು ಕೇಳಿದರು. ಗುಂಡು ಹೊಡೆಯಬೇಕು ಎಂಬ ಕೂಗು ಬಂತು. ಅದಕ್ಕಿಂತ ಒಳ್ಳೆಯ ದಾರಿ ಇದೆ ಎಂದ ಪಾರ್ನೆಲ್, ರಸ್ತೆಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಕೊನೆಗೆ ಚರ್ಚ್‌ನಲ್ಲೂ ಅವನನ್ನು ದೂರವಿಡಿ, ಮಾತನಾಡಿಸಬೇಡಿ ಎಂದು ಕರೆ ಕೊಟ್ಟರು.

ಟರ್ನಿಪ್ ಕೀಳಲು ಸಾವಿರ ಸೈನಿಕರ ಕಾವಲು

ಲಾರ್ಡ್ ಅರ್ನ್‌ನ ಗೇಣಿದಾರರು ಆ ವರ್ಷ ಗೇಣಿಯಲ್ಲಿ ಶೇ 25ರಷ್ಟು ಕಡಿತ ಕೇಳಿದ್ದರು. ಜಮೀನ್ದಾರ ಒಪ್ಪಿದ್ದು ಶೇ 10ಕ್ಕೆ ಮಾತ್ರ. ಪಾರ್ನೆಲ್ ಭಾಷಣದ ಮೂರೇ ದಿನಕ್ಕೆ, ಸೆಪ್ಟೆಂಬರ್ 22ರಂದು, ಪೊಲೀಸ್ ಕಾವಲಿನಲ್ಲಿ ಒಕ್ಕಲೆಬ್ಬಿಸುವ ನೋಟಿಸ್ ಹಂಚಲು ಜನ ಬಂದರು. ಊರಿನ ಹೆಂಗಸರು ಕಲ್ಲು, ಕೆಸರು, ಸಗಣಿ ಎಸೆದು ಅವರನ್ನು ಓಡಿಸಿದರು.

ಮರುದಿನದಿಂದ ಬಾಯ್ಕಾಟ್ ಮನೆಯ ಕೆಲಸದವರು ಬರುವುದನ್ನು ನಿಲ್ಲಿಸಿದರು. ಹೊಲದ ಕೂಲಿಯಾಳುಗಳು ಬಿಟ್ಟು ಹೋದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ. ಬಟ್ಟೆ ಒಗೆಯುವ ಹೆಂಗಸು ಬರಲಿಲ್ಲ. ಟಪಾಲು ತರುವವರಿಲ್ಲ. ಹತ್ತಿರದ ಬ್ಯಾಲಿನ್‌ರೋಬ್ ಪಟ್ಟಣದ ಅಂಗಡಿಗಳಲ್ಲಿ ಸಾಮಾನು ಸಿಗಲಿಲ್ಲ. ಬೇಸತ್ತ ಬಾಯ್ಕಾಟ್ ತನ್ನ ಪರಿಸ್ಥಿತಿ ವಿವರಿಸಿ ಲಂಡನ್‌ನ ‘ದಿ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದ. ಅದು ಅಕ್ಟೋಬರ್ 18ರಂದು ಪ್ರಕಟವಾಗಿ ದೊಡ್ಡ ಸುದ್ದಿಯಾಯಿತು.

ಆತನ ಪರವಾಗಿ ಹಣ ಸಂಗ್ರಹ ಶುರುವಾಯಿತು. ನವೆಂಬರ್‌ನಲ್ಲಿ ಕ್ಯಾವನ್ ಮತ್ತು ಮೊನಾಹನ್ ಪ್ರಾಂತ್ಯಗಳಿಂದ 50 ಮಂದಿ ಕಟಾವಿಗೆ ಬಂದರು. ಅವರ ರಕ್ಷಣೆಗೆ ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರನ್ನು ನಿಯೋಜಿಸಲಾಯಿತು. ಎರಡು ವಾರದಲ್ಲಿ ಟರ್ನಿಪ್, ಆಲೂಗಡ್ಡೆ, ಧಾನ್ಯದ ಕೆಲಸ ಮುಗಿಯಿತು. ಸುಮಾರು 500 ಪೌಂಡ್ ಬೆಲೆಯ ಬೆಳೆಗೆ ಸುಮಾರು 10,000 ಪೌಂಡ್ ಖರ್ಚಾಯಿತು ಎಂಬ ಲೆಕ್ಕ ಆಗ ಪ್ರಚಾರದಲ್ಲಿತ್ತು.

ಬೆಳೆ ಉಳಿದರೂ ಬಾಯ್ಕಾಟ್ ಉಳಿಯಲಿಲ್ಲ. ನವೆಂಬರ್ ಕೊನೆಯಲ್ಲಿ ಮನೆ ಬಿಟ್ಟು ಡಬ್ಲಿನ್‌ಗೆ ಹೋದ. ಅಲ್ಲಿನ ಹೋಟೆಲ್‌ನಲ್ಲೂ ಹೆಚ್ಚು ದಿನ ನಿಲ್ಲಲಾಗದೆ ಡಿಸೆಂಬರ್ ಮೊದಲ ದಿನ ಇಂಗ್ಲೆಂಡ್‌ಗೆ ಹೊರಟ. 1897ರಲ್ಲಿ ಇಂಗ್ಲೆಂಡ್‌ನಲ್ಲೇ ತೀರಿಕೊಂಡ. ಅಷ್ಟರೊಳಗೆ ಆತನ ಹೆಸರು ಹಲವು ಭಾಷೆಗಳ ಪದವಾಗಿತ್ತು. ಐರ್ಲೆಂಡ್‌ನ ಚಳವಳಿಯ ಒತ್ತಡದಿಂದ ಬ್ರಿಟಿಷ್ ಪ್ರಧಾನಿ ಗ್ಲ್ಯಾಡ್‌ಸ್ಟನ್ 1881ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಭೂ ಕಾಯ್ದೆ ತಂದರು.

ಪದ ಹುಟ್ಟಿದ್ದು ಊಟದ ಹೊತ್ತಿನಲ್ಲಿ

ಆ ಪ್ರದೇಶದ ಪಾದ್ರಿ ಫಾದರ್ ಜಾನ್ ಓಮ್ಯಾಲಿ ಜತೆ ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಊಟಕ್ಕೆ ಕುಳಿತಿದ್ದರು. ಒಬ್ಬನನ್ನು ಹೀಗೆ ದೂರವಿಡುವುದಕ್ಕೆ ಏನೆನ್ನಬೇಕು ಎಂಬ ಪ್ರಶ್ನೆ ಬಂತು. ಇಂಗ್ಲಿಷ್‌ನಲ್ಲಿ ‘ಆಸ್ಟ್ರಸೈಸ್’ ಎಂಬ ಪದವಿತ್ತು. ಅದು ಗ್ರೀಕ್ ಮೂಲದ್ದು. ಪ್ರಾಚೀನ ಅಥೆನ್ಸ್‌ನಲ್ಲಿ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕಿ, ಒಬ್ಬನನ್ನು 10 ವರ್ಷ ನಗರದಿಂದ ಹೊರಗೆ ಕಳಿಸುತ್ತಿದ್ದರು. ಆದರೆ ಈ ಪದ ಹಳ್ಳಿಯ ಜನರಿಗೆ ಅರ್ಥವಾಗುವುದಿಲ್ಲ ಎಂದು ಯೋಚಿಸಿದ ಫಾದರ್ ಓಮ್ಯಾಲಿ, ‘ಬಾಯ್ಕಾಟ್ ಮಾಡುವುದು’ ಎಂದರೆ ಹೇಗೆ ಎಂದರು. ಇದು ರೆಡ್‌ಪಾತ್ ಹೇಳಿಕೊಂಡ ಪ್ರಸಂಗ.

1880ರ ನವೆಂಬರ್ ಹೊತ್ತಿಗೆ ಲಂಡನ್ ಪತ್ರಿಕೆಗಳಲ್ಲೂ ಈ ಪದ ಕಾಣಿಸಿತು. ಅಲ್ಲಿಂದ ಫ್ರೆಂಚ್, ಜರ್ಮನ್, ಡಚ್, ರಷ್ಯನ್ ಭಾಷೆಗಳಿಗೂ ಹೋಯಿತು.

ಪದ ಹೊಸದಾದರೂ ಕ್ರಮ ಹಳೆಯದು. 1760ರ ದಶಕದಲ್ಲೇ ಅಮೆರಿಕದ ವಸಾಹತುಗಳ ವರ್ತಕರು ತೆರಿಗೆ ವಿರೋಧಿಸಿ ಬ್ರಿಟಿಷ್ ಸರಕು ತರಿಸುವುದನ್ನು ನಿಲ್ಲಿಸಿದ್ದರು. 1791ರ ನಂತರ ಬ್ರಿಟನ್‌ನಲ್ಲಿ ಬಹಳ ಜನ ಗುಲಾಮರ ದುಡಿಮೆಯಿಂದ ತಯಾರಾದ ಸಕ್ಕರೆ ತಿನ್ನುವುದನ್ನು ಬಿಟ್ಟಿದ್ದರು.

ಭಾರತಕ್ಕೆ ಬಂದ ಬಾಯ್ಕಾಟ್

ಭಾರತದಲ್ಲಿ ಈ ಪದ ಮನೆಮಾತಾಗಿದ್ದು 1905ರಲ್ಲಿ. ಲಾರ್ಡ್ ಕರ್ಜನ್ ಬಂಗಾಳವನ್ನು ವಿಭಜಿಸಲು ಹೊರಟಾಗ, ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲ್ ಸಭೆಯಲ್ಲಿ ಬ್ರಿಟಿಷ್ ಸರಕು ಬಹಿಷ್ಕರಿಸುವ ನಿರ್ಣಯ ಅಂಗೀಕಾರವಾಯಿತು. ಸ್ವದೇಶಿ ಚಳವಳಿ ಅಲ್ಲಿಂದ ಜೋರಾಯಿತು. ಬಾಲಗಂಗಾಧರ ತಿಲಕರು ಅದನ್ನು ಪಶ್ಚಿಮ ಭಾರತಕ್ಕೆ ಹಬ್ಬಿಸಿದರು. 2015ರಿಂದ ಆಗಸ್ಟ್ 7 ಅನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುವುದು ಇದೇ ನೆನಪಿಗೆ.

1920ರ ಅಸಹಕಾರ ಚಳವಳಿಯಲ್ಲಿ ಶಾಲೆ, ಕೋರ್ಟು, ಶಾಸನಸಭೆಗಳ ಬಹಿಷ್ಕಾರ ನಡೆಯಿತು. 1928ರಲ್ಲಿ ಒಬ್ಬ ಭಾರತೀಯನೂ ಇಲ್ಲದ ಸೈಮನ್ ಆಯೋಗವನ್ನು ಬಹಿಷ್ಕರಿಸಲಾಯಿತು. ಅದೇ ವರ್ಷ ಗುಜರಾತ್‌ನ ಬಾರ್ಡೋಲಿಯಲ್ಲಿ, ಸರ್ಕಾರ ಜಪ್ತಿ ಮಾಡಿದ ರೈತರ ಆಸ್ತಿಯನ್ನು ಕೊಳ್ಳುವವರ ಜತೆ ಊರಿನವರು ಸಂಬಂಧ ಕಡಿದುಕೊಂಡರು. ಐರ್ಲೆಂಡ್‌ನಲ್ಲಿ ಪಾರ್ನೆಲ್ ಹೇಳಿದ್ದ ಉಪಾಯವೂ ಇದೇ ಆಗಿತ್ತು. ಉತ್ತರ ಕನ್ನಡದ ಸಿದ್ದಾಪುರ, ಅಂಕೋಲಾ ಭಾಗದ ಕರನಿರಾಕರಣೆ ಚಳವಳಿಯಲ್ಲಿ, ಮುಟ್ಟುಗೋಲು ಹಾಕಿಕೊಂಡ ಜಮೀನನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕುಳಿತಿದ್ದರು.

ಈ ಅಸ್ತ್ರದ ಅಪಾಯವೂ ಗಾಂಧೀಜಿಗೆ ಗೊತ್ತಿತ್ತು. ಅಸಹಕಾರಕ್ಕೆ ಒಪ್ಪದವರಿಗೆ ನೀರು, ವೈದ್ಯರ ಸೇವೆಯಂಥ ಅಗತ್ಯಗಳನ್ನೇ ತಪ್ಪಿಸುವುದು ಅಮಾನವೀಯ ಎಂದು ಅವರು ಎಚ್ಚರಿಸಿದ್ದರು.

ಬಹಿಷ್ಕಾರ: ಬಾಯ್ಕಾಟ್‌ಗಿಂತ ಹಳೆಯ ಪದ

ಬಹಿಷ್ಕಾರ ಸಂಸ್ಕೃತದಿಂದ ಬಂದ ಪದ. ‘ಬಹಿಸ್’ ಎಂದರೆ ಹೊರಗೆ, ‘ಕಾರ’ ಎಂದರೆ ಮಾಡುವುದು. ಹೊರಗೆ ಹಾಕುವುದು ಎಂಬುದೇ ಅದರ ನೇರ ಅರ್ಥ. ಕ್ಯಾಪ್ಟನ್ ಬಾಯ್ಕಾಟ್ ಹುಟ್ಟುವುದಕ್ಕೆ ಬಹಳ ಮೊದಲೇ ಇಲ್ಲಿ ಜಾತಿಯಿಂದ, ಊರಿನಿಂದ ಜನರನ್ನು ಹೊರಗೆ ಹಾಕುವ ಪದ್ಧತಿ ಇತ್ತು. ಯು.ಆರ್. ಅನಂತಮೂರ್ತಿ ಅವರ ‘ಘಟಶ್ರಾದ್ಧ’ ಕಥೆ ಮತ್ತು ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ಸಿನಿಮಾ ನೋಡಿದವರಿಗೆ ಅದರ ಕ್ರೌರ್ಯ ಗೊತ್ತು. ಅಲ್ಲಿ ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಹೊರಹಾಕಲಾಗುತ್ತದೆ.

ಸ್ವಾತಂತ್ರ್ಯ ಚಳವಳಿಯ ಹೊತ್ತಿನಲ್ಲಿ ಬಾಯ್ಕಾಟ್‌ಗೆ ದೇಶಿ ಪದ ಬೇಕಾದಾಗ ಕೈಗೆ ಸಿಕ್ಕಿದ್ದು ಇದೇ ‘ಬಹಿಷ್ಕಾರ’. ಹಾಗಾಗಿ ಎರಡು ಅರ್ಥಗಳು ಒಂದೇ ಪದದೊಳಗೆ ಸೇರಿಕೊಂಡವು. ಐರ್ಲೆಂಡ್‌ನಲ್ಲಿ ಜಮೀನಿಲ್ಲದವರು ಜಮೀನ್ದಾರನ ಏಜೆಂಟ್ ವಿರುದ್ಧ ನಿಂತಿದ್ದರು. ಇಲ್ಲಿನ ಸಾಮಾಜಿಕ ಬಹಿಷ್ಕಾರದಲ್ಲಿ ಜಮೀನು, ಅಂಗಡಿ, ಬಾವಿ ಎಲ್ಲವೂ ಯಾರ ಕೈಯಲ್ಲಿದೆಯೋ ಅವರು ಏನೂ ಇಲ್ಲದವರ ವಿರುದ್ಧ ನಿಲ್ಲುತ್ತಾರೆ.

ನೆರೆಯ ಭಾಷೆಗಳಲ್ಲಿ ಈ ವ್ಯತ್ಯಾಸ ತೋರಿಸಲು ಬೇರೆ ಪದಗಳೂ ಇವೆ. ಮುಂಬೈ, ಪುಣೆಯ ಕನ್ನಡಿಗರಿಗೆ ಮರಾಠಿಯ ‘ವಾಳೀತ್ ಟಾಕಣೆ’ ಪರಿಚಿತ. ಜಾತಿ, ಊರಿನಿಂದ ಹೊರಗಿಡುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ತೆಲುಗಿನಲ್ಲಿ ಅದಕ್ಕೆ ‘ವೆಲಿ’ ಎನ್ನುತ್ತಾರೆ. ತಮಿಳಿನಲ್ಲಿ ಚುನಾವಣೆ, ಸರಕು ಬಹಿಷ್ಕಾರಕ್ಕೆ ‘ಪುರಕ್ಕಣಿಪ್ಪು’ ಎಂದರೆ, ಊರಿನಿಂದ ದೂರವಿಡುವುದಕ್ಕೆ ‘ಊರ್ ವಿಲಕ್ಕು’ ಎನ್ನುತ್ತಾರೆ. ಹಿಂದಿ ಪ್ರದೇಶದಲ್ಲಿ ‘ಹುಕ್ಕಾ ಪಾನಿ ಬಂದ್’ ಎಂಬ ಮಾತಿದೆ.

ಅಂಬೇಡ್ಕರ್ ಮತ್ತು ಬಹಿಷ್ಕೃತ ಭಾರತ

ಈ ಪದದ ಇನ್ನೊಂದು ಮುಖವನ್ನು ದೇಶದ ಮುಂದಿಟ್ಟವರು ಡಾ. ಬಿ.ಆರ್. ಅಂಬೇಡ್ಕರ್. 1924ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ಹೆಸರು ‘ಬಹಿಷ್ಕೃತ ಹಿತಕಾರಿಣಿ ಸಭಾ’. 1927ರಲ್ಲಿ ಆರಂಭಿಸಿದ ಮರಾಠಿ ಪತ್ರಿಕೆಯ ಹೆಸರು ‘ಬಹಿಷ್ಕೃತ ಭಾರತ’. ಹೊರಗಿಡಲ್ಪಟ್ಟವರು ಎಂಬ ಪದವನ್ನೇ ಅವರು ತಮ್ಮ ಜನರ ಗುರುತಾಗಿ ಎತ್ತಿ ಹಿಡಿದರು.

1927ರ ಮಾರ್ಚ್‌ನಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ದಲಿತರು ಹಲ್ಲೆ ಮತ್ತು ಬಹಿಷ್ಕಾರ ಎದುರಿಸಬೇಕಾಯಿತು. ಮರುವರ್ಷ ಬಾಂಬೆ ಸರ್ಕಾರ ನೇಮಿಸಿದ ಸ್ಟಾರ್ಟ್ ಸಮಿತಿಯಲ್ಲಿ ಅಂಬೇಡ್ಕರ್ ಸದಸ್ಯರಾಗಿದ್ದರು. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಕೂಡ ಬಾಂಬೆ ಪ್ರಾಂತ್ಯಕ್ಕೇ ಸೇರಿದ್ದವು. ದಲಿತರು ಹಕ್ಕು ಕೇಳಿದರೆ ಓಡಾಡುವ ದಾರಿ ಮುಚ್ಚುವುದು, ಅಂಗಡಿಯವರು ದಿನಸಿ ಕೊಡದಂತೆ ಮಾಡುವುದು ಹೇಗೆ ನಡೆಯುತ್ತದೆ ಎಂಬುದನ್ನು ಸಮಿತಿ 1930ರ ವರದಿಯಲ್ಲಿ ದಾಖಲಿಸಿತು. ಹೊಟ್ಟೆಪಾಡಿಗೆ ಮೇಲ್ಜಾತಿಯ ಜಮೀನನ್ನೇ ನಂಬಿದವರಿಗೆ ಬಹಿಷ್ಕಾರ ಹೊಡೆತಕ್ಕಿಂತ ದೊಡ್ಡ ಶಿಕ್ಷೆ.

ಬಹಿಷ್ಕಾರವನ್ನು ಅಪರಾಧ ಎಂದು ಘೋಷಿಸಬೇಕೆಂದು ಅಂಬೇಡ್ಕರ್ ದುಂಡುಮೇಜಿನ ಸಭೆಯಲ್ಲಿ ಒತ್ತಾಯಿಸಿದರು. 1947ರ ‘ಸ್ಟೇಟ್ಸ್ ಆ್ಯಂಡ್ ಮೈನಾರಿಟೀಸ್’ ಮನವಿಯಲ್ಲೂ ಅದನ್ನೇ ಸೇರಿಸಿದರು. ಅದಕ್ಕೆ ಅವರು ಮಾದರಿಯಾಗಿ ತೆಗೆದುಕೊಂಡಿದ್ದು 1922ರ ಬರ್ಮಾ ಬಹಿಷ್ಕಾರ ವಿರೋಧಿ ಕಾಯ್ದೆಯನ್ನು.

ಕಾನೂನು ಏನು ಹೇಳುತ್ತದೆ?

* ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆ: 1989ರ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು ಮಾತ್ರವಲ್ಲ, ಹಾಕುತ್ತೇವೆ ಎಂದು ಬೆದರಿಸುವುದೂ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಕೂಲಿಗೆ ಕರೆಯದಿರುವುದು, ವ್ಯವಹಾರ ನಿರಾಕರಿಸುವುದು, ಎಲ್ಲರಿಗೂ ಸಿಗುವ ಸೇವೆ ತಪ್ಪಿಸುವುದು ಆರ್ಥಿಕ ಬಹಿಷ್ಕಾರದ ವ್ಯಾಪ್ತಿಗೆ ಬರುತ್ತವೆ. ದೌರ್ಜನ್ಯದ ದೂರಿಗೆ ರಾಷ್ಟ್ರೀಯ ಸಹಾಯವಾಣಿ 14566.

* ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, 1955: ಅಸ್ಪೃಶ್ಯತೆಯ ಕಾರಣಕ್ಕೆ ಮನೆ, ಜಮೀನು ಕೊಡದಿರುವುದು, ವ್ಯವಹಾರ ಕಡಿದುಕೊಳ್ಳುವುದು ಇದರಡಿ ಅಪರಾಧ.

* ಮಹಾರಾಷ್ಟ್ರದ ಕಾನೂನು: ಸಾಮಾಜಿಕ ಬಹಿಷ್ಕಾರದ ವಿರುದ್ಧವೇ ಮಹಾರಾಷ್ಟ್ರ ವಿಧಾನಮಂಡಲ 2016ರ ಏಪ್ರಿಲ್‌ನಲ್ಲಿ ಕಾನೂನು ಅಂಗೀಕರಿಸಿತು, 2017ರಲ್ಲಿ ಜಾರಿಗೆ ಬಂತು. ಜಾತಿ ಪಂಚಾಯಿತಿಗಳು ತಮ್ಮದೇ ಜಾತಿಯ ಕುಟುಂಬವನ್ನು ಹೊರಗಿಟ್ಟರೂ ಇದು ಅನ್ವಯ. 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

* ಧಾರ್ಮಿಕ ಬಹಿಷ್ಕಾರ: 1949ರ ಬಾಂಬೆ ಬಹಿಷ್ಕಾರ ತಡೆ ಕಾಯ್ದೆಯನ್ನು ದಾವೂದಿ ಬೋಹ್ರಾ ಸಮುದಾಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲಿ ರದ್ದುಪಡಿಸಿತ್ತು. ಆ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು 2023ರ ಫೆಬ್ರುವರಿಯಲ್ಲಿ 9 ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.

* ವಕೀಲರ ಕಲಾಪ ಬಹಿಷ್ಕಾರ: ವಕೀಲರಿಗೆ ಮುಷ್ಕರ ಹೂಡುವ, ಕೋರ್ಟ್ ಕಲಾಪ ಬಹಿಷ್ಕಾರಕ್ಕೆ ಕರೆ ಕೊಡುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಹೇಳಿದೆ.

ಇನ್ನು ಮತ ಹಾಕದಿರುವುದು ಅಪರಾಧವಲ್ಲ. ಆದರೆ ಬೇರೆಯವರು ಮತ ಹಾಕದಂತೆ ಬೆದರಿಸುವುದು ಅಪರಾಧ. ಯಾವ ಅಭ್ಯರ್ಥಿಯೂ ಬೇಡ ಎನ್ನುವವರಿಗೆ 2013ರಿಂದ ನೋಟಾ ಆಯ್ಕೆ ಇದೆ.

ಜಗತ್ತಿನ ಕೆಲವು ಪ್ರಮುಖ ಬಾಯ್ಕಾಟ್‌ಗಳು

* ಜರ್ಮನಿ, 1933: ಏಪ್ರಿಲ್ 1ರಂದು ನಾಝಿಗಳು ಯಹೂದಿಗಳ ಅಂಗಡಿಗಳ ಬಹಿಷ್ಕಾರಕ್ಕೆ ಕರೆ ಕೊಟ್ಟು, ಬಾಗಿಲಲ್ಲಿ ತಮ್ಮ ಪಡೆಯನ್ನು ನಿಲ್ಲಿಸಿದರು. ಅಧಿಕಾರದಲ್ಲಿರುವವರೇ ಅಲ್ಪಸಂಖ್ಯಾತರ ಮೇಲೆ ಈ ಅಸ್ತ್ರ ಬಳಸಿದ ಉದಾಹರಣೆ ಇದು.

* ಅಮೆರಿಕದ ಮಾಂಟ್‌ಗೊಮರಿ, 1955-56: ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನದ ನಂತರ ಕಪ್ಪು ಜನರು 381 ದಿನ ನಗರದ ಬಸ್ ಹತ್ತಲಿಲ್ಲ. ಬಸ್ಸಿನಲ್ಲಿನ ವರ್ಣಭೇದ ಸಂವಿಧಾನ ವಿರೋಧಿ ಎಂಬ ಕೋರ್ಟ್ ತೀರ್ಪಿನೊಂದಿಗೆ ಹೋರಾಟ ಮುಗಿಯಿತು.

* ದಕ್ಷಿಣ ಆಫ್ರಿಕಾ: ವರ್ಣಭೇದ ನೀತಿ ವಿರೋಧಿಸಿ ಭಾರತ 1946ರಲ್ಲೇ ದಕ್ಷಿಣ ಆಫ್ರಿಕಾ ಜತೆ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು.

* ಒಲಿಂಪಿಕ್ಸ್: ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದನ್ನು ವಿರೋಧಿಸಿ ಅಮೆರಿಕ ಮತ್ತು ಅದರ ಜತೆಗಿದ್ದ ಹಲವು ದೇಶಗಳು 1980ರ ಮಾಸ್ಕೋ ಕೂಟಕ್ಕೆ ಹೋಗಲಿಲ್ಲ. 1984ರ ಲಾಸ್ ಏಂಜಲೀಸ್ ಕೂಟಕ್ಕೆ ಸೋವಿಯತ್ ಬಣ ಹೋಗಲಿಲ್ಲ.

ಬಾಯ್ಕಾಟ್‌ಗೂ ಇವುಗಳಿಗೂ ಏನು ವ್ಯತ್ಯಾಸ?

* ಬ್ಯಾನ್ ಅಥವಾ ನಿಷೇಧ: ಅಧಿಕಾರ ಇರುವವರ ಆದೇಶ. ಬಾಯ್ಕಾಟ್‌ಗೆ ಕರೆ ಕೊಡಬಹುದೇ ಹೊರತು ಆದೇಶ ಹೊರಡಿಸಲಾಗದು.
* ಸ್ಟ್ರೈಕ್ ಅಥವಾ ಮುಷ್ಕರ: ಕೆಲಸ ಮಾಡುವವರು ಕೆಲಸ ನಿಲ್ಲಿಸುವುದು.
* ವಾಕೌಟ್ ಅಥವಾ ಸಭಾತ್ಯಾಗ: ಸಭೆಗೆ ಬಂದು, ವಿರೋಧ ಸೂಚಿಸಿ ಎದ್ದು ಹೋಗುವುದು. ಬರದೇ ಇದ್ದರೆ ಅದು ಬಹಿಷ್ಕಾರ.
* ಸ್ಯಾಂಕ್ಷನ್ ಅಥವಾ ನಿರ್ಬಂಧ: ಒಂದು ದೇಶದ ಮೇಲೆ ಇತರ ಸರ್ಕಾರಗಳು ಅಥವಾ ವಿಶ್ವಸಂಸ್ಥೆ ಹೇರುವ ಕ್ರಮ.
* ಬೈಕಾಟ್: ಕೊಳ್ಳುವುದು ಎಂಬರ್ಥದ ‘ಬೈ’ ಸೇರಿಸಿ ಮಾಡಿದ ಹೊಸ ಪದ. ಒಂದು ಸಂಸ್ಥೆಯನ್ನು ಬೆಂಬಲಿಸಲು ಬೇಕೆಂದೇ ಅದರ ವಸ್ತು ಕೊಳ್ಳುವುದು.

ಬಳಸುವಾಗ ಗಮನಿಸಿ

ವಸ್ತು, ಸಿನಿಮಾ, ಚುನಾವಣೆ, ಸಭೆಗಳ ವಿಷಯದಲ್ಲಿ ‘ಬಹಿಷ್ಕರಿಸಿದರು’ ಎಂದರೆ ಗೊಂದಲವಿಲ್ಲ. ಮನುಷ್ಯರ ವಿಷಯ ಬಂದಾಗ ‘ಸಾಮಾಜಿಕ ಬಹಿಷ್ಕಾರ’ ಎಂದು ಸ್ಪಷ್ಟವಾಗಿ ಹೇಳುವುದು ಸರಿ. ‘ಗ್ರಾಮಸ್ಥರಿಂದ ಬಹಿಷ್ಕಾರ’ ಎಂದಷ್ಟೇ ಹೇಳಿದರೆ, ರಸ್ತೆಗಾಗಿ ಮತದಾನ ಬಿಟ್ಟ ಊರೂ, ಒಂದು ಮನೆಗೆ ಹಾಲು ಹಾಕದ, ಹಿಟ್ಟಿನ ಗಿರಣಿಗೆ ಸೇರಿಸದ ಊರೂ ಒಂದೇ ರೀತಿ ಕಾಣುತ್ತವೆ.

ಎರಡನ್ನು ಬೇರೆ ಮಾಡಿ ನೋಡಲು ಎರಡು ಪ್ರಶ್ನೆ ಸಾಕು. ಯಾರು ಯಾರ ವಿರುದ್ಧ ನಿಂತಿದ್ದಾರೆ? ಬಹಿಷ್ಕಾರಕ್ಕೆ ಒಳಗಾದವರಿಗೆ ಬದುಕಲು ಬೇರೆ ದಾರಿ ಇದೆಯೇ? ಕ್ಯಾಪ್ಟನ್ ಬಾಯ್ಕಾಟ್ ನೆರವಿಗೆ ಪತ್ರಿಕೆಗಳು, ದೇಣಿಗೆ, ಸಾವಿರ ಸೈನಿಕರು ಇದ್ದರು. ಊರು ಹೊರಗಿಟ್ಟ ಕುಟುಂಬಕ್ಕೆ ಇರುವುದು ಕಾನೂನು ಮಾತ್ರ. ಅದು ನೆರವಿಗೆ ಬರಬೇಕಾದರೆ, ನಡೆದಿರುವುದು ಪ್ರತಿಭಟನೆಯಲ್ಲ, ಅಪರಾಧ ಎಂಬುದನ್ನು ದೂರು ಬರೆದುಕೊಳ್ಳುವವರೂ, ಸುದ್ದಿ ಬರೆಯುವವರೂ ಮೊದಲು ಗುರುತಿಸಬೇಕು.